ಮೈಬಣ್ಣದ ಬೇಲಿ ದಾಟಿದ ಜೇಮ್ಸ್ ಪೀಟರ್ಸ್



ರಗ್ಬಿ ಆಟ ನಮ್ಮ ಕಡೆ ಅಷ್ಟಾಗಿ ಆಡೋದಿಲ್ಲ. ತತ್ತಿ ಆಕಾರದ ಚೆಂಡು, ಒಂದೊಂದು ತಂಡದಲ್ಲಿ 15 ಮಂದಿ. ಚೆಂಡು ಕೈಯಲ್ಲಿ ಹಿಡಿದು ಎದುರಾಳಿಗಳ ನಡುವೆ ನುಗ್ಗಿ ಓಡಬೇಕು. ಈ ಆಟದಲ್ಲಿ ಇಂಗ್ಲೆಂಡ್ ದೇಶದ ಪರವಾಗಿ ಆಡಿದ ಮೊದಲ ಕಪ್ಪು ಮನುಷ್ಯ ಜೇಮ್ಸ್ ಪೀಟರ್ಸ್. ಆತನ ಬಾಳು ಎಂಥದಿತ್ತು, ಕೇಳ್ರಿ.

ಹುಟ್ಟಿದ್ದು 1879ರಲ್ಲಿ, ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ. ತಂದೆ ಜಮೈಕಾದವ, ತಾಯಿ ಬಿಳಿಯ ಹೆಣ್ಣುಮಗಳು. ಸರ್ಕಸ್ಸಿನಲ್ಲಿ ಸಿಂಹ ಪಳಗಿಸುತ್ತಿದ್ದ ತಂದೆ ಸಿಂಹದ ಬಾಯಿಗೇ ಬಲಿಯಾದ. ಮಗನೂ ಜೀನಿಲ್ಲದ ಕುದುರೆ ಮೇಲೆ ಕಸರತ್ತು ಮಾಡ್ತಿದ್ದ. ಒಂದು ದಿನ ಕೈ ಮುರೀತು. ಸರ್ಕಸ್ಸಿನವರು ಬಿಟ್ಟೇ ಹೋದರು. ಆಗ ವಯಸ್ಸು ಬರೀ 11! ಲಂಡನ್ನಿನ ಅನಾಥಾಲಯಗಳೇ ಮನೆಯಾದವು. ಅಲ್ಲೇ ಕೈಕಸುಬು ಕಲಿತ, ಆಟದಲ್ಲೂ ಮುಂದಾದ.

ಮುಂದೆ ಬ್ರಿಸ್ಟಲ್ ಕ್ಲಬ್ಬು ಆತನನ್ನು ಆರಿಸಿತು. ಕಪ್ಪು ಹುಡುಗ ಬಿಳಿಯರ ಜಾಗ ಕಿತ್ಕೊಂಡ ಅಂತ ಗೊಣಗಾಟ ಎದ್ದಿತು; ಸಮಿತಿಯ ಸದಸ್ಯನೊಬ್ಬ ರಾಜೀನಾಮೆಯನ್ನೇ ಕೊಟ್ಟ. ಪೀಟರ್ಸ್ ಆಟ ಬಿಡಲಿಲ್ಲ. 1902ರಲ್ಲಿ ಪ್ಲಿಮತ್‌ಗೆ ಹೋದ, ಬಡಗಿ ಕೆಲಸ ಮಾಡ್ತಾ ಆಡಿದ. 1906ರಲ್ಲಿ ಡೆವನ್ ಜಿಲ್ಲೆಯ ತಂಡ ಚಾಂಪಿಯನ್ ಆಯ್ತು. ಅದೇ ಮಾರ್ಚ್ 17ರಂದು ಸ್ಕಾಟ್ಲೆಂಡ್ ವಿರುದ್ಧ ಇಂಗ್ಲೆಂಡ್ ತಂಡದಲ್ಲಿ ಆಡಿದ. ಇಂಗ್ಲೆಂಡ್ 9-3ರಿಂದ ಗೆದ್ದಿತು.

ಆದ್ರೆ ನೋಡ್ರಿ, ಅದೇ ವರ್ಷ ದಕ್ಷಿಣ ಆಫ್ರಿಕಾದ ಬಿಳಿಯರ ತಂಡ ಬಂತು. ಕಪ್ಪು ಆಟಗಾರನ ಎದುರು ಆಡೋದಕ್ಕೆ ಅವರಿಗೆ ಮನಸ್ಸಿರಲಿಲ್ಲ. ಡೆವನ್ ತಂಡ ಪೀಟರ್ಸ್‌ನನ್ನು ಕೈಬಿಡಲಿಲ್ಲ, ಆಡಿಸಿಯೇ ಆಡಿಸಿತು. ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಆಯ್ಕೆಗಾರರು ಮಾತ್ರ ಆತನನ್ನು ಹೊರಗಿಟ್ಟರು. ಕುಂದು ಆಟದಲ್ಲಿರಲಿಲ್ಲ, ಮರುವರ್ಷ ಅವರೇ ಮತ್ತೆ ಕರೆದರು! 1908ರ ಹೊತ್ತಿಗೆ ಒಟ್ಟು 5 ಪಂದ್ಯ ಆಡಿದ್ದ.

1910ರಲ್ಲಿ ಹಡಗುಕಟ್ಟೆಯ ಕೆಲಸದಲ್ಲಿ 3 ಬೆರಳು ಹೋದವು. ಆದರೂ ಆಡಿದ. ಅವನ ಸಹಾಯಕ್ಕೆ ಹಣ ಕೂಡಿತು. ಆದರೆ ಆಟಕ್ಕೆ ದುಡ್ಡು ಮುಟ್ಟಬಾರದು ಅನ್ನೋದು ಆಗಿನ ರಗ್ಬಿ ಯೂನಿಯನ್ ನಿಯಮ. ಹಣ ಪಡೆದನೆಂದು ಹೊರಹಾಕಿದರು. ಉಳ್ಳವರಿಗೆ ಆ ನಿಯಮ ಹಗುರ, ಕೂಲಿಯವನಿಗೆ ಭಾರ. ಆತ ಉತ್ತರಕ್ಕೆ ಹೋಗಿ, ಹಣ ಕೊಡುವ ರಗ್ಬಿಯಲ್ಲಿ ಬ್ಯಾರೋ, ಸೇಂಟ್ ಹೆಲೆನ್ಸ್ ಕ್ಲಬ್ಬುಗಳಿಗೆ ಆಡಿ ಆಟ ಮುಗಿಸಿದ. 1954ರಲ್ಲಿ ಪ್ಲಿಮತ್‌ನಲ್ಲಿ ತೀರಿಕೊಂಡ.

ಅವನ ನಂತರ ಇಂಗ್ಲೆಂಡ್ ತಂಡಕ್ಕೆ ಇನ್ನೊಬ್ಬ ಕಪ್ಪು ಆಟಗಾರ, ಕ್ರಿಸ್ ಓಟಿ, ಬಂದದ್ದು 1988ರಲ್ಲಿ. ನಡುವೆ 80 ವರ್ಷ! ಅಷ್ಟು ವರ್ಷ ಆಡಬಲ್ಲ ಕಪ್ಪು ಹುಡುಗರೇ ಇರಲಿಲ್ಲವೇನು? ನೀವೇ ಹೇಳ್ರಿ. ಒಬ್ಬ ಒಳಗೆ ಹೋದ ಮಾತ್ರಕ್ಕೆ ಬಾಗಿಲು ಎಲ್ಲರಿಗೂ ತೆರೆದಂತಲ್ಲ. ನಿಮ್ಮ ಓಣಿಯಿಂದ ಒಬ್ಬ ಹುಡುಗ, ಒಬ್ಬ ಹುಡುಗಿ ಆಯ್ಕೆಯಾದರೆ ಹೂವಿನ ಹಾರ ಹಾಕ್ರಿ. ಹಾಗೇ, ಹಿಂದೆ ಬರೋರಿಗೂ ಜಾಗ ಕೇಳ್ರಿ.