ಡಾ. ಪಲ್ಪು: ವಿದ್ಯಾರ್ಥಿವೇತನದ ಋಣ ತೀರಿಸಿದ ವೈದ್ಯ

ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ತಿರುವಾಂಕೂರು ಸಂಸ್ಥಾನವು ವೈದ್ಯಕೀಯ ಶಿಕ್ಷಣಕ್ಕೆ ವಿದ್ಯಾರ್ಥಿಗಳನ್ನು ಆರಿಸಲು ಪರೀಕ್ಷೆಯೊಂದನ್ನು ನಡೆಸಿತು. ಅದರಲ್ಲಿ ಮುಂಚೂಣಿಯ ಸ್ಥಾನ ಪಡೆದ ಯುವಕನೊಬ್ಬನಿಗೆ ಪ್ರವೇಶ ದೊರೆಯಲಿಲ್ಲ. ಆತ ಈಳವ ಜಾತಿಗೆ ಸೇರಿದವನೆಂಬುದೇ ಅದಕ್ಕೆ ಕಾರಣ. ಮುಂದೆ ಅದೇ ಯುವಕ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಬೆಂಗಳೂರಿನ ಆರೋಗ್ಯಾಡಳಿತದಲ್ಲಿ ಹೆಸರು ಮಾಡಿದ ಡಾ. ಪಲ್ಪು. ಆರೋಗ್ಯ ಶಿಕ್ಷಣಕ್ಕಾಗಿ ಸರ್ಕಾರ ಕೊಡುವ ವಿದ್ಯಾರ್ಥಿವೇತನವನ್ನು ದಾನವೆಂದು ನೋಡಬೇಕೋ, ಹೂಡಿಕೆಯೆಂದು ನೋಡಬೇಕೋ ಎಂಬ ಪ್ರಶ್ನೆ ಎದ್ದಾಗಲೆಲ್ಲ ಇವರ ಬದುಕನ್ನು ನೆನೆಯುವುದು ಉಚಿತ.

ಪದ್ಮನಾಭನ್ ಪಲ್ಪು ಹುಟ್ಟಿದ್ದು 1863ರಲ್ಲಿ, ತಿರುವನಂತಪುರದ ಪೇಟ್ಟೆ ಎಂಬಲ್ಲಿ. ಅವರ ಅಣ್ಣ ವೇಲಾಯುಧನ್ ಪದವಿ ಪಡೆದಿದ್ದರೂ ತವರು ಸಂಸ್ಥಾನದಲ್ಲಿ ಉದ್ಯೋಗ ಸಿಗದೆ ಮದರಾಸು ಸರ್ಕಾರದ ಸೇವೆ ಸೇರಬೇಕಾಯಿತು. ತಮ್ಮನ ಹಾದಿಯೂ ಅದೇ ಆಯಿತು. ತವರಿನ ಬಾಗಿಲು ಮುಚ್ಚಿದ ಮೇಲೆ ಪಲ್ಪು ಮದರಾಸಿನ ವೈದ್ಯಕೀಯ ಕಾಲೇಜು ಸೇರಿದರು. ಸರ್ಕಾರದ ನೆರವಿಲ್ಲದೆ, ಮನೆಯವರ ಬೆಂಬಲದಿಂದ, ಬಹಳ ಕಷ್ಟದಲ್ಲಿ ಓದಿ ವೈದ್ಯರಾದರು. ಪದವಿಯೊಂದಿಗೆ ಮರಳಿ ಕೆಲಸ ಕೇಳಿದಾಗಲೂ ತಿರುವಾಂಕೂರು ಅವರನ್ನು ಒಲ್ಲೆನೆಂದಿತು.

ಆ ಕಾಲಕ್ಕೆ ನಮ್ಮ ಬಳ್ಳಾರಿಯೂ ಮದರಾಸು ಪ್ರಾಂತ್ಯದ ಜಿಲ್ಲೆಯೇ ಆಗಿತ್ತು. ಸಿರುಗುಪ್ಪದ ಅಥವಾ ಕುರುಗೋಡಿನ ಹುಡುಗನೊಬ್ಬ ಡಾಕ್ಟರಾಗಬೇಕೆಂದು ಬಯಸಿದ್ದರೆ ಅವನೂ ಅದೇ ದೂರದ ನಗರಕ್ಕೆ ಹೋಗಬೇಕಿತ್ತು. ಬುದ್ಧಿಯ ಜೊತೆಗೆ ರೈಲಿನ ಖರ್ಚು, ಊಟದ ಖರ್ಚು, ಪುಸ್ತಕದ ಖರ್ಚುಗಳನ್ನು ವರ್ಷಗಟ್ಟಲೆ ತಾಳಬಲ್ಲ ಮನೆತನವೂ ಬೇಕಿತ್ತು. ಹಾಗೆ ತಾಳಲಾರದ ಮನೆಗಳಲ್ಲಿ ಎಷ್ಟು ಮಂದಿ ವೈದ್ಯರು ಹುಟ್ಟಿಯೂ ವೈದ್ಯರಾಗದೆ ಉಳಿದರೆಂಬ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಮದರಾಸಿನಲ್ಲಿ ಕೆಲಕಾಲ ಕೆಲಸ ಮಾಡಿದ ಪಲ್ಪು ಮೈಸೂರು ಸರ್ಕಾರದ ಸೇವೆಗೆ ಬಂದರು. ಸಿಡುಬಿನ ವಿರುದ್ಧದ ಲಸಿಕೆಗೆ ಸಂಬಂಧಿಸಿದ ಹೊಣೆ ಅವರ ಪಾಲಿಗೆ ಬಂತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದೆರಗಿತು. ಜನ ಊರು ಬಿಟ್ಟು ಓಡುತ್ತಿದ್ದ ದಿನಗಳವು. ರೋಗಿಗಳ ನಡುವೆ ನಿಂತು ದುಡಿದ ಕೆಲವೇ ಅಧಿಕಾರಿಗಳಲ್ಲಿ ಪಲ್ಪು ಒಬ್ಬರು. ಬಸವನಗುಡಿ ಮತ್ತು ಮಲ್ಲೇಶ್ವರದ ಅಗಲವಾದ ರಸ್ತೆಗಳನ್ನು ನೋಡುವ ಇಂದಿನವರಿಗೆ, ನಗರದ ಆರೋಗ್ಯದ ಬಗ್ಗೆ ಆಡಳಿತ ಗಂಭೀರವಾಗಿ ಚಿಂತಿಸಿದ್ದು ಆ ಭೀತಿಯ ಕಾಲದಲ್ಲೇ ಎಂಬುದು ನೆನಪಿಗೆ ಬರಲಿಕ್ಕಿಲ್ಲ.

ಮೈಸೂರು ಸರ್ಕಾರ ಪಲ್ಪು ಅವರನ್ನು ಸಾರ್ವಜನಿಕ ಆರೋಗ್ಯದ ಉನ್ನತ ವ್ಯಾಸಂಗಕ್ಕಾಗಿ ತನ್ನ ವೆಚ್ಚದಲ್ಲಿ ಇಂಗ್ಲೆಂಡಿಗೆ ಕಳುಹಿಸಿತು. ಕೇಂಬ್ರಿಡ್ಜ್ ಮತ್ತು ಲಂಡನ್ನುಗಳಲ್ಲಿ ಓದಿ ಬಂದ ಅವರು ಬೆಂಗಳೂರಿನ ಆರೋಗ್ಯಾಧಿಕಾರಿಯಾಗಿ, ಬೇರೆ ಬೇರೆ ಹುದ್ದೆಗಳಲ್ಲಿ, ಸುಮಾರು 1920ರವರೆಗೂ ಸಂಸ್ಥಾನದ ಸೇವೆಯಲ್ಲಿದ್ದರು. ಬೇರೆ ಸಂಸ್ಥಾನದಿಂದ ಬಂದವನೆಂದಾಗಲಿ, ಯಾವ ಜಾತಿಯವನೆಂದಾಗಲಿ ಮೈಸೂರು ಇಲ್ಲಿ ಲೆಕ್ಕ ಹಾಕಲಿಲ್ಲ. ಒಂದು ಸಂಸ್ಥಾನ ಕೈಬಿಟ್ಟ ಪ್ರತಿಭೆಯ ಫಲವನ್ನು ಇನ್ನೊಂದು ಸಂಸ್ಥಾನದ ಪ್ರಜೆಗಳು ಎರಡು ದಶಕಗಳಿಗೂ ಹೆಚ್ಚು ಕಾಲ ಉಂಡರು.

ತಾವು ಪಡೆದುದನ್ನು ಪಲ್ಪು ಸರ್ಕಾರಕ್ಕೆ ಸೇವೆಯ ರೂಪದಲ್ಲಿ ಮಾತ್ರ ಹಿಂತಿರುಗಿಸಲಿಲ್ಲ. ನಾರಾಯಣ ಗುರುಗಳ ಶಿಷ್ಯನಾದ ಕುಮಾರನ್ ಆಶಾನ್ ಎಂಬ ತರುಣನನ್ನು ಬೆಂಗಳೂರಿನ ತಮ್ಮ ಮನೆಯಲ್ಲಿರಿಸಿಕೊಂಡು ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನಲ್ಲಿ ಓದಿಸಿದರು. ಪ್ಲೇಗಿನಿಂದ ಆತ ಊರು ಬಿಡಬೇಕಾಗಿ ಬಂದ ಮೇಲೆ ಕಲ್ಕತ್ತೆಯ ವ್ಯಾಸಂಗಕ್ಕೂ ನೆರವಾದರು. ಆ ತರುಣ ಮುಂದೆ ಮಲಯಾಳದ ಮಹಾಕವಿಯಾದ. ತಮ್ಮ ಸಮುದಾಯದ ಮಕ್ಕಳಿಗೆ ಶಾಲೆ ಮತ್ತು ಸರ್ಕಾರಿ ನೌಕರಿಗಳಲ್ಲಿ ಅವಕಾಶ ಬೇಕೆಂದು 1896ರಲ್ಲಿ 13,176 ಜನರ ಸಹಿಯುಳ್ಳ ಮನವಿಯನ್ನು ತಿರುವಾಂಕೂರಿನ ಮಹಾರಾಜರಿಗೆ ಸಲ್ಲಿಸಿದವರೂ, 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಸ್ಥಾಪನೆಯಾದಾಗ ಅದರ ಹಿಂದಿನ ಮುಖ್ಯ ಶಕ್ತಿಯಾಗಿದ್ದವರೂ ಇದೇ ಪಲ್ಪು. ಅಷ್ಟೂ ಹೊತ್ತು ಅವರು ಮೈಸೂರಿನ ಸಂಬಳದ ನೌಕರರಾಗಿದ್ದರೆಂಬುದು ಗಮನಾರ್ಹ.

ಅರ್ಥಶಾಸ್ತ್ರದ ದೃಷ್ಟಿಯಿಂದ ಈ ಜೀವನ ಒಂದು ಸ್ಪಷ್ಟ ಪಾಠವನ್ನು ಹೇಳುತ್ತದೆ. ಆಯವ್ಯಯ ಪತ್ರದಲ್ಲಿ ವಿದ್ಯಾರ್ಥಿವೇತನ ಖರ್ಚಿನ ಬಾಬ್ತಿನಲ್ಲಿ ಬರುತ್ತದೆ. ಅದರ ಆದಾಯವನ್ನು ತೋರಿಸುವ ಕಲಂ ಅಲ್ಲಿಲ್ಲ. ಆರೋಗ್ಯ ಕ್ಷೇತ್ರದಲ್ಲಂತೂ ಈ ಆದಾಯ ಓದಿದವನೊಬ್ಬನಿಗೆ ಸೇರುವಂಥದಲ್ಲ. ಒಬ್ಬರಿಗೆ ಹಾಕಿದ ಲಸಿಕೆ ನೆರೆಮನೆಯವರನ್ನೂ ಕಾಯುತ್ತದೆ. ಒಬ್ಬ ಶುಶ್ರೂಷಕಿಯ ಎಚ್ಚರದಿಂದ ಇಡೀ ಹಳ್ಳಿಯ ಬಾಣಂತಿಯರು ಉಳಿಯುತ್ತಾರೆ. ಲಾಭ ಸಮಾಜದ್ದಾಗಿ, ಖರ್ಚು ಮಾತ್ರ ಬಡ ತಂದೆತಾಯಿಗಳದ್ದಾದರೆ ಅಂಥ ಶಿಕ್ಷಣಕ್ಕೆ ಬೇಕಾದಷ್ಟು ಜನ ಬರುವುದಿಲ್ಲ. ಆ ಅಂತರವನ್ನು ತುಂಬುವುದು ಖಜಾನೆಯ ಕರ್ತವ್ಯ.

1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಇಲ್ಲೊಂದು ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು; ಜನ ಅದನ್ನು ಈಗಲೂ ವಿಮ್ಸ್ ಎಂದೇ ಕರೆಯುತ್ತಾರೆ. ಸಂವಿಧಾನದ 371ಜೆ ವಿಧಿಯಿಂದಾಗಿ ಈ ಭಾಗದ ವಿದ್ಯಾರ್ಥಿಗಳಿಗೆ ಸೀಟುಗಳ ಮೀಸಲಾತಿಯೂ ಇದೆ. ಪರಿಶಿಷ್ಟ ಜಾತಿಯವರಿಗಾಗಿ 1944ರಲ್ಲೇ ಭಾರತ ಸರ್ಕಾರ ಆರಂಭಿಸಿದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇಂದಿಗೂ ಮುಂದುವರಿದಿದೆ. ಹಿಂದುಳಿದ ವರ್ಗಗಳಿಗೆ ರಾಜ್ಯದ ಯೋಜನೆಗಳಿವೆ.

ಕೊರತೆಯಿರುವುದು ಯೋಜನೆಗಳ ಹೆಸರುಗಳಲ್ಲಲ್ಲ, ಹಣ ತಲುಪುವ ಕಾಲದಲ್ಲಿ. ಆಡಳಿತದ ಅನುಭವವಿರುವ ಯಾರಿಗಾದರೂ ಇದು ಗೊತ್ತು: ಶುಲ್ಕ ಕಟ್ಟಬೇಕಾದದ್ದು ವರ್ಷದ ಮೊದಲಲ್ಲಿ, ಮಂಜೂರಾತಿಯ ಭರಾಟೆ ಕಾಣುವುದು ಮಾರ್ಚ್ ತಿಂಗಳಿನಲ್ಲಿ. ಈ ನಡುವಿನ ತಿಂಗಳುಗಳನ್ನು ಸಿರುಗುಪ್ಪದ ಭತ್ತದ ಗದ್ದೆಯ ಕೂಲಿಯವರಾಗಲಿ ಕುರುಗೋಡಿನ ಸಣ್ಣ ಹಿಡುವಳಿದಾರರಾಗಲಿ ಬಡ್ಡಿಯ ಸಾಲದಿಂದ ದಾಟಬೇಕು. ಎಂಬಿಬಿಎಸ್ ಸೀಟು ಸಿಕ್ಕವರಿಗೆ ಹೇಗೋ ನಾಲ್ಕು ಜನ ನೆರವಾಗುತ್ತಾರೆ. ನರ್ಸಿಂಗ್, ಫಾರ್ಮಸಿ, ಪ್ರಯೋಗಾಲಯ ತಂತ್ರಜ್ಞಾನ ಓದುವ ಹೆಣ್ಣುಮಕ್ಕಳ ಕಡೆಗೆ ಆ ಗಮನವೂ ಇಲ್ಲ. ಆಸ್ಪತ್ರೆಗಳು ನಡೆಯುವುದು ಮಾತ್ರ ಬಹುಪಾಲು ಇವರ ದುಡಿಮೆಯಿಂದಲೇ.

ಡಾ. ಪಲ್ಪು ನಿಧನರಾದದ್ದು 1950ರ ಜನವರಿ 25ರಂದು. ಮರುದಿನ ಜಾರಿಗೆ ಬಂದ ಸಂವಿಧಾನವು ಸರ್ಕಾರದ ಶಿಕ್ಷಣ ಸಂಸ್ಥೆಗಳಲ್ಲಿ ಜಾತಿಯ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲವೆಂದು ವಿಧಿಸಿತು. ಅವರನ್ನು ತಡೆದ ಬಾಗಿಲು ಹೀಗೆ ತೆರೆಯಿತು. ಹಣವಿಲ್ಲದ ಕಾರಣಕ್ಕೆ ಮುಚ್ಚಿಕೊಳ್ಳುವ ಬಾಗಿಲನ್ನು ತೆರೆಯಲು ಹೊಸ ಕಾನೂನು ಬೇಕಿಲ್ಲ. ಪ್ರವೇಶ ಪಡೆದ ತಿಂಗಳಲ್ಲೇ ಮೊದಲ ಕಂತು ವಿದ್ಯಾರ್ಥಿಯ ಖಾತೆಗೆ ಸೇರಬೇಕು. ಶುಲ್ಕದ ಜೊತೆಗೆ ಊಟ, ವಸತಿ, ಪುಸ್ತಕಗಳ ವೆಚ್ಚವೂ ಅದರಲ್ಲಿರಬೇಕು. ಅರ್ಜಿಯಲ್ಲಿ ದೋಷವಿದ್ದರೆ ತಿದ್ದಿಸಿಕೊಡುವ ಹೊಣೆ ಕಾಲೇಜಿನದಾಗಬೇಕು. ಇಷ್ಟನ್ನು ಜಿಲ್ಲಾಡಳಿತ ಮತ್ತು ಇಲಾಖೆಗಳು ಮನಸ್ಸು ಮಾಡಿದರೆ ಬರುವ ಶೈಕ್ಷಣಿಕ ವರ್ಷದಿಂದಲೇ ಮಾಡಬಹುದು. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಪರಸ್ಥಳದ ವೈದ್ಯನೊಬ್ಬನಿಗಾಗಿ ಮೈಸೂರು ಸರ್ಕಾರ ಮಾಡಿದ್ದನ್ನು ನಮ್ಮದೇ ಮಕ್ಕಳಿಗಾಗಿ ಮಾಡುವುದು ಅಸಾಧ್ಯವೇನಲ್ಲ.