ಆಜ್ಞೆಯ ಮಿತಿ ಕಂಡುಕೊಂಡ ಅಶೋಕ

ಅಶೋಕನು ಸಾಲುಮರಗಳನ್ನು ನೆಡಿಸಿದನು, ಬಾವಿಗಳನ್ನು ತೋಡಿಸಿದನು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯದವರು ನಮ್ಮಲ್ಲಿ ಇರಲಾರರು. ಆದರೆ ಅವನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಸಂಗತಿಯೊಂದಿದೆ. ಅಪಾರ ಅಧಿಕಾರ ಕೈಯಲ್ಲಿದ್ದಾಗಲೇ, ಅಧಿಕಾರದಿಂದ ಆಗದ ಕೆಲಸ ಯಾವುದೆಂದು ಅವನು ಕಂಡುಕೊಂಡ.

ಚಂದ್ರಗುಪ್ತ ಮೌರ್ಯನ ಮೊಮ್ಮಗನಾದ ಅಶೋಕ ಕ್ರಿ.ಪೂ. 268ರ ಸುಮಾರಿಗೆ ಪಾಟಲಿಪುತ್ರದಲ್ಲಿ ಪಟ್ಟಾಭಿಷಿಕ್ತನಾದ. ಎಂಟು ವರ್ಷಗಳ ಮೇಲೆ ಕಳಿಂಗವನ್ನು ಗೆದ್ದ. ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ನೆಲೆಯಿಂದ ಕಿತ್ತು ಸಾಗಿಸಲಾಯಿತು. ಈ ಲೆಕ್ಕ ಕೊಟ್ಟವರು ಸೋತವರಲ್ಲ. ಗೆದ್ದ ಅಶೋಕನೇ ಮರುಗಿ ಬಂಡೆಯ ಮೇಲೆ ಕೆತ್ತಿಸಿದ. ಹಾಗೆಂದು ಕಳಿಂಗವನ್ನು ಅವನು ಬಿಟ್ಟುಕೊಡಲಿಲ್ಲ. ಕಾಡಿನ ಜನರಿಗೆ ತನ್ನ ಬಲ ಕುಂದಿಲ್ಲವೆಂದು ಅದೇ ಶಾಸನದಲ್ಲಿ ಎಚ್ಚರಿಕೆಯನ್ನೂ ಕೊಟ್ಟ. ಇನ್ನೊಂದು ವಿಚಿತ್ರವೆಂದರೆ, ಕಳಿಂಗದ ಧೌಲಿ, ಜೌಗಡಗಳಲ್ಲಿ ಈ ಪಶ್ಚಾತ್ತಾಪದ ಶಾಸನವೇ ಇಲ್ಲ. ಅದರ ಬದಲು ಅಲ್ಲಿನ ಅಧಿಕಾರಿಗಳಿಗೆ ತಾಕೀತು ಇದೆ: ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬಾರದು, ಹಿಂಸಿಸಬಾರದು, ಸಿಟ್ಟು ಸೋಮಾರಿತನ ಬಿಡಬೇಕು. ನನಗಂತೂ ಅರಸನ ಕಣ್ಣೀರಿಗಿಂತ ಈ ತಾಕೀತೇ ನೊಂದ ಜನಕ್ಕೆ ಹೆಚ್ಚು ಉಪಯೋಗದ್ದೆನ್ನಿಸುತ್ತದೆ.

ಜನರ ನಡತೆ ತಿದ್ದಲು ಅಶೋಕ ಧರ್ಮಮಹಾಮಾತ್ರರೆಂಬ ಅಧಿಕಾರಿಗಳನ್ನು ನೇಮಿಸಿದ. ಯಾವ ಯಾವ ಪ್ರಾಣಿಗಳನ್ನು ಕೊಲ್ಲಬಾರದೆಂದು ಪಟ್ಟಿ ಹೊರಡಿಸಿದ. ಮನುಷ್ಯಸ್ವಭಾವ ಎಷ್ಟು ಗಟ್ಟಿ ಎಂಬುದು ಅವನ ಅಡುಗೆಮನೆಯಲ್ಲೇ ಗೊತ್ತಾಗಿತ್ತು. ಮೊದಲು ಅಲ್ಲಿ ಲೆಕ್ಕವಿಲ್ಲದಷ್ಟು ಪ್ರಾಣಿಗಳನ್ನು ಕೊಲ್ಲುತ್ತಿದ್ದರು. ಅದನ್ನು ಎರಡು ನವಿಲು, ಒಂದು ಜಿಂಕೆಗೆ ಇಳಿಸಿದ. ಮುಂದೆ ಅದನ್ನೂ ನಿಲ್ಲಿಸುವೆನೆಂದ. ಸಾಮ್ರಾಟನಿಗೂ ನಾಲಗೆಯ ಚಪಲ ಒಂದೇ ದಿನಕ್ಕೆ ಬಿಡಲಿಲ್ಲ!

ಪಟ್ಟಾಭಿಷೇಕವಾಗಿ 27 ವರ್ಷ ತುಂಬಿದಾಗ ತನ್ನ ಕೆಲಸವನ್ನೆಲ್ಲ ಒಂದು ಕಂಬದ ಮೇಲೆ ಒಪ್ಪಿಸಿದ. ಸಾಲುಮರ, ಬಾವಿಗಳ ಮಾತು ಅಲ್ಲೇ ಬರುತ್ತದೆ. ಇಂಥ ಸೌಕರ್ಯ ಹಿಂದಿನ ಅರಸರೂ ಮಾಡಿದ್ದರೆಂದು ಅವನೇ ಒಪ್ಪುತ್ತಾನೆ. ಜನರಲ್ಲಿ ಧರ್ಮ ಬೆಳೆದದ್ದು ಎರಡು ದಾರಿಯಿಂದ, ನಿಯಮದಿಂದ ಮತ್ತು ಮನವರಿಕೆಯಿಂದ. ನಿಯಮದಿಂದ ಆದದ್ದು ಅಲ್ಪ, ಮನವರಿಕೆಯಿಂದ ಆದದ್ದೇ ಹೆಚ್ಚು ಎಂಬುದು ಅವನ ತೀರ್ಮಾನ. ದಂಡ, ಸೈನ್ಯ, ಬೊಕ್ಕಸ ಎಲ್ಲ ಇದ್ದವನು ಇದನ್ನು ಕಲ್ಲಿನಲ್ಲಿ ಬರೆಸಿದ ಎಂಬುದನ್ನು ಗಮನಿಸಬೇಕು. ಆದರೂ ಮರಣದಂಡನೆಯನ್ನು ಅವನು ತೆಗೆದುಹಾಕಲಿಲ್ಲ. ಶಿಕ್ಷೆಗೆ ಗುರಿಯಾದವರಿಗೆ ಮೂರು ದಿನಗಳ ಗಡುವು ಕೊಟ್ಟನಷ್ಟೆ.

ಆ ಕಂಬ ಈಗ ದೆಹಲಿಯಲ್ಲಿದೆ. ಅದರ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದುವವರೆಗೆ ಅಶೋಕನ ಮಾತು ಯಾರಿಗೂ ತಿಳಿಯದೆ ಹೋಗಿತ್ತು. ನಮ್ಮ ನಾಡಿನ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನೆಂಬ ಹೆಸರೇ ಇತ್ತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲಂತೂ ತಂದೆತಾಯಿಗಳ ಮಾತು ಕೇಳುವುದು, ಪ್ರಾಣಿಗಳಲ್ಲಿ ದಯೆ, ಸತ್ಯ ನುಡಿಯುವುದು, ಶಿಷ್ಯರು ಗುರುಗಳನ್ನು ಗೌರವಿಸುವುದು, ಇವನ್ನು ಬರೆಸಿದ್ದಾನೆ. ತಪ್ಪಿದವರಿಗೆ ಇಂಥ ದಂಡ ಎಂಬ ಮಾತು ಅಲ್ಲಿಲ್ಲ. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ.