ಪಿಯಾನೋ ಪ್ರಿಯ ಮಹಾರಾಜರು

ನನ್ನ ಕಿವಿಗೆ ಜೋರು ಸದ್ದು ಆಗಲ್ಲ. ಕುಕ್ಕರ್ ಕೂಗಿದರೂ ಕಿವಿ ಮುಚ್ಚಿಕೊಳ್ತೀನಿ. ಆದರೂ ಮೈಸೂರಿನ ಶ್ರೀ ಜಯಚಾಮರಾಜ ಒಡೆಯರ್ ಮೆಚ್ಚಿದ ಸಂಗೀತ ಕೇಳಬೇಕೆನಿಸಿತು.

1919ರಲ್ಲಿ ಜನಿಸಿದ ಇವರಿಗೆ ಪಿಯಾನೋ ವಾದಕರಾಗುವ ಆಸೆ. ಆದರೆ 1940ರಲ್ಲಿ ತಂದೆ, ದೊಡ್ಡಪ್ಪ ಇಬ್ಬರೂ ತೀರಿಕೊಂಡರು. ಪಟ್ಟಕ್ಕೆ ಬರಲೇಬೇಕಾಯಿತು, ಪಾಪ! ಆಮೇಲೆ ಲಂಡನ್ನಿನಲ್ಲಿದ್ದ ರಷ್ಯಾದ ಸಂಗೀತಗಾರ ಮೆಡ್ಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಡ್ಟ್ನರ್ ತಮ್ಮ 3ನೇ ಪಿಯಾನೋ ಕನ್ಚರ್ಟೋವನ್ನು ಇವರಿಗೇ ಅರ್ಪಿಸಿದರು.

ಚಿಕ್ಕಲಸಂದ್ರದ ನಮ್ಮ ಮನೇಲಿ ಅದನ್ನೇ ಅಣ್ಣನ ಮೊಬೈಲಿನಲ್ಲಿ ಹಾಕಿದೆ. ಪಿಯಾನೋ, ವಾದ್ಯಮೇಳ ಒಟ್ಟಿಗೇ ಏರಿದಾಗ ಎದೆ ಡವಡವ ಅಂತು, ನಿಲ್ಲಿಸಿಬಿಟ್ಟೆ. ಮಾರನೇ ದಿನ ಮೊಬೈಲು ಪಕ್ಕದ ರೂಮಲ್ಲಿಟ್ಟು, ಬಾಗಿಲು ಮುಂದೆ ಮಾಡಿ ಕೇಳಿದೆ. ಕಿವಿ ಮುಚ್ಚಲಿಲ್ಲ.

ಮಹಾರಾಜರು 1974ರಲ್ಲಿ ತೀರಿಕೊಂಡರು. ಅವರು ಕೀರ್ತನೆಗಳನ್ನೂ ರಚಿಸಿದ್ದಾರೆ. ಅವು ಇನ್ನು ಕೇಳಬೇಕು.